ಬಲಗಿವಿಗೆ ಹೇಳಬೇಕಾದ ಹೆಸರು

ಹನ್ನಾ ಚನ್ನಪ್ಪ ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಅವರ ಹೆಸರಿನ ಅರ್ಥ ಕೇಳುವುದಕ್ಕೆ.

ಅದು ೨೦೦೨ರ ಮಾರ್ಚ್. ಇಂಗ್ಲೆಂಡಿನ ಸೊಲಿಹಲ್‌ನ ನಮ್ಮ ಮನೆಯಲ್ಲಿ ಒಂದು ಪುಟ್ಟ ಮಗಳಿದ್ದಳು, ಅವಳಿಗೆ ಹೆಸರಿರಲಿಲ್ಲ. ಇಲ್ಲಿ ಹುಟ್ಟಿದ ಪ್ರತಿ ಕೂಸಿಗೂ ತೂಕ, ಚುಚ್ಚುಮದ್ದು ಬರೆದಿಡಲು ಒಂದು ಕೆಂಪು ಪುಸ್ತಕ ಕೊಡುತ್ತಾರೆ. ನಮ್ಮದರ ಮೇಲೆ ‘ಸಂಯುಕ್ತಾಳ ಬೇಬಿ’ ಎಂದಷ್ಟೇ ಇತ್ತು. ನೋಂದಣಿ ಕಚೇರಿಗೆ ಹೋಗಿ ಹೆಸರು ಬರೆಸಲು ಆರು ವಾರದ ಗಡುವು. ಮೈಸೂರಿನಿಂದ ಬರಬೇಕಿದ್ದ ಅಮ್ಮನ ವೀಸಾ ಇನ್ನೂ ಚೆನ್ನೈನಲ್ಲೇ ಕೂತಿತ್ತು. ಮಗುವಿಗೆ ಎಣ್ಣೆ ಹಚ್ಚುವಾಗೆಲ್ಲ ನನಗೆ ಕೈಗಿಂತ ಮೊದಲು ಕಣ್ಣು ಒದ್ದೆಯಾಗುತ್ತಿತ್ತು. ಅತ್ತು ಮುಗಿದ ಮೇಲೆ ಲಂಗೋಟಿಗಳನ್ನು ಮೆಷಿನ್ನಿಗೆ ಹಾಕುತ್ತಿದ್ದೆ. ಅಳುವುದಕ್ಕೂ ಒಂದು ಹೊತ್ತು ಗೊತ್ತು ಮಾಡಿಕೊಂಡಿದ್ದೆ ಅನ್ನಿ.

ಮಗಳದು ಪುನರ್ವಸು ನಕ್ಷತ್ರ, ಮೂರನೆಯ ಪಾದ. ‘ಹ’ ಅಕ್ಷರದಿಂದ ಹೆಸರಿಡಬೇಕೆಂದು ಹುಬ್ಬಳ್ಳಿಯಿಂದ ಅತ್ತೆ ಹೇಳಿದರು. ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ಗಂಡ ಮಿಥುನ್‌ಗೆ ಬೇರೆಯದೇ ಚಿಂತೆ. ಅವನನ್ನು ಅಲ್ಲಿ ಎಲ್ಲರೂ ‘ಮಿಟೂನ್’ ಎನ್ನುತ್ತಿದ್ದರು.

“ಹನ್ನಾ ಅಂತ ಇಡೋಣ ಕಣೇ,” ಅಂದ. “ಅಮ್ಮನ ‘ಹ’ನೂ ಆಯ್ತು, ಇಲ್ಲಿಯವರ ನಾಲಿಗೆಗೂ ಆಯ್ತು. ನಮ್ಮ ಆಫೀಸಲ್ಲೇ ಮೂರು ಜನರ ಮಕ್ಕಳಿಗೆ ಹನ್ನಾ ಅಂತ ಹೆಸರು.”

“ಮೂರಿರೋವಾಗ ನಾಲ್ಕನೇದು ಯಾಕಪ್ಪ? ಸ್ಕೂಲಲ್ಲಿ ಕೂಗಿದ್ರೆ ಅರ್ಧ ಕ್ಲಾಸು ಎದ್ದು ನಿಲ್ಲತ್ತೆ.”

ಅತ್ತೆ ಫೋನಿನಲ್ಲಿ ಕೇಳಿದ್ದು ಇನ್ನೂ ನೇರವಾದ ಪ್ರಶ್ನೆ. “ಹನ್ನಾ ಅಂದ್ರ ಏನಪಾ ಅರ್ಥ? ಅರ್ಥ ತಿಳಕೊಂಡು ಹೇಳು. ಆಮ್ಯಾಲ ನೋಡೋಣ.”

ಮಿಥುನ್‌ನ ಗೆಳೆಯನ ಹೆಂಡತಿ ವಾಸಂತಿ, ವುಲ್ವರ್‌ಹ್ಯಾಂಪ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ವಿಷಯ ಕೇಳಿ ನಕ್ಕಳು. “ಅರ್ಥ ಕೇಳೋದಾದ್ರೆ ಹನ್ನಾ ಅವರನ್ನೇ ಕೇಳಿ. ನಮ್ಮಲ್ಲಿ ಸಿಸ್ಟರ್ ಆಗಿದ್ರು, ಸೂಲಗಿತ್ತಿ ಕೆಲಸ. ಈಗ ರಿಟೈರ್ಡ್. ಅಪ್ಪಟ ಗದಗಿನವರು, ಬೆಟಗೇರಿಯವರು.”

ಹಾಗೆ ಒಂದು ಶನಿವಾರ ಕಾರಿನಲ್ಲಿ ಮಗುವನ್ನು ಹಾಕಿಕೊಂಡು ನಾವಿಬ್ಬರೂ ಹೋದೆವು. ಸಾಲು ಮನೆಗಳಲ್ಲೊಂದು, ಕೆಂಪು ಇಟ್ಟಿಗೆಯದು, ಬಾಗಿಲ ಬಳಿ ಕುಂಡದಲ್ಲಿ ಡ್ಯಾಫಡಿಲ್ ಹೂ. ಬಾಗಿಲು ತೆಗೆದವರು ಕುಳ್ಳಗೆ, ಅಗಲ ಭುಜದ, ಬಿಳಿ ಕೂದಲನ್ನು ಗಂಟು ಹಾಕಿದ್ದ ಹೆಂಗಸು. ನಮಸ್ಕಾರಕ್ಕೆ ನಮಸ್ಕಾರ ಹೇಳಲಿಲ್ಲ.

“ಮೊದಲ ಕೂಸಿನ್ನ ಇತ್ತ ಕೊಡು. ನಿನ್ನ ಹೆಸರು ಆಮ್ಯಾಲ ಹೇಳುವಂತಿ.” ಮಗುವನ್ನು ತೆಗೆದುಕೊಂಡು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. “ಎದಿ ಬಿಗದೈತಿ ನಿಂಗ. ಹೊತ್ತಿಗೆ ಸರಿಯಾಗಿ ಹಾಲು ಕುಡಸಾಕ ಹತ್ತಿಲ್ಲ. ಒಳಗ ನಡಿ. ಏ ತಮ್ಮಾ, ನೀ ಇಲ್ಲೇ ಕುಂಡ್ರು, ಟಿವಿ ಹಚ್ಕೋ.”

ತಿಂಗಳಿಂದ ಯಾರೂ ನನ್ನನ್ನು ಹೀಗೆ ಗದರಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತ, ಅವರು ಬಿಸಿನೀರಲ್ಲಿ ಅದ್ದಿ ಕೊಟ್ಟ ಬಟ್ಟೆಯ ಶಾಖ ತೆಗೆದುಕೊಳ್ಳುತ್ತ ಕೂತಾಗ, ಬಂದ ಕೆಲಸವೇ ಮರೆತುಹೋಯಿತು. ಯಾಕೆ ಬಂದಿರಿ ಎಂದು ಅವರೇ ಕೇಳಿದ ಮೇಲೆ ನೆನಪಾಗಿ, ಹೇಳಿದೆ.

“ನನ್ನ ಹೆಸರಿನ ಅರ್ಥ?” ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಕೊಡವಿದರು. “ಈ ದೇಶಕ್ಕ ಬಂದಾಗಿಂದ ಎಲ್ಲಾರೂ ಕೇಳಿದ್ದು ಒಂದ ಮಾತು. ‘ನಿನ್ನ ಖರೇ ಹೆಸರೇನು, ಬ್ಯಾಬ್?’ ಬ್ಯಾಬ್ ಅಂದ್ರ ಇಲ್ಲಿಯವರ ಬಾಯಾಗ ‘ತಂಗಿ’ ಅಂದಂಗ. ನಾ ಇಲ್ಲಿಗೆ ಬಂದು ಇಂಗ್ಲಿಷ್ ಹೆಸರು ಇಟಗೊಂಡೀನಿ ಅಂತ ತಿಳದಿದ್ರು. ನಮ್ಮ ಕನ್ನಡದವರೂ ಹಂಗ ಕೇಳತಿದ್ರು. ಅರ್ಥ ಏನು ಅಂತ ಕೇಳಿದಾಕಿ ನೀನ ಮೊದಲನೇದಾಕಿ.”

“ಇಂಗ್ಲಿಷ್ ಹೆಸರು ಅಲ್ವಾ ಆಂಟಿ?”

“ಇವರದೂ ಅಲ್ಲ, ನಮ್ಮದೂ ಅಲ್ಲ. ಹೀಬ್ರೂ ಹೆಸರು ಅದು. ಅಲ್ಲಿಂದ ಇವರ ಊರಿಗೂ ಬಂತು, ಬೆಟಗೇರಿಗೂ ಬಂತು. ಇವರ ಮನಿ ದಾಟಿ ನಮ್ಮ ಮನಿಗೆ ಬರಬೇಕಂತ ಏನೈತಿ?”

ಆಮೇಲೆ ನಿಧಾನವಾಗಿ ಹೇಳಿದರು. ಹೀಬ್ರೂವಿನಲ್ಲಿ ಬರೆದರೆ ಮೂರೇ ಅಕ್ಷರವಂತೆ: ಹೆತ್, ನೂನ್, ಹೇ. ಮೊದಲಿನದು ಗಂಟಲಿನ ತಳದಿಂದ ಬರುವ ‘ಹ’. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಾಗ ಬರುವ ಸದ್ದು ಎಂದು ಮಾಡಿ ತೋರಿಸಿದರು, ಮಗು ಬೆಚ್ಚಿತು. ಗ್ರೀಕರ ಬಾಯಿಗೆ ಹೋದಾಗ ಆ ‘ಹ’ ಉದುರಿ ‘ಆನ್ನಾ’ ಆಯಿತು, ಮುಂದೆ ‘ಆನ್’ ಆಯಿತು. ಇಂಗ್ಲಿಷಿನವರು ತಲೆಗೊಂದು ಬಾಲಕ್ಕೊಂದು ‘ಎಚ್’ ಹಚ್ಚಿ ಬರೆದರು. ಹಿಂದಿನಿಂದ ಓದಿದರೂ ಅದೇ ಹೆಸರು, ಆದರೆ ಬಾಲದ ‘ಎಚ್’ ಬಾಯಿ ಬಿಡುವುದಿಲ್ಲ. ಬೆಟಗೇರಿಯ ಪಾದ್ರಿಯವರು ‘ಹನ್ನ’ ಎಂದು ಗಿಡ್ಡ ಮಾಡಿ ಬರೆಯುತ್ತಿದ್ದರು, ಶಾಲೆಯ ಮಾಸ್ತರರು ‘ಹನ್ನಾ’ ಎಂದು ಉದ್ದ ಎಳೆಯುತ್ತಿದ್ದರು.

“ನಮ್ಮವ್ವಗ ಇದು ಯಾವುದೂ ಓದಾಕ ಬರತಿದ್ದಿಲ್ಲ. ಅಕಿ ಹಿತ್ತಲದಾಗ ನಿಂತು ‘ಹನ್ನವ್ವಾ’ ಅಂತ ಒದರಿದ್ರ, ನಾ ಎಲ್ಲಿದ್ರೂ ಓಡಿ ಬರತಿದ್ದೆ. ನನ್ನ ಹೆಸರು ಅದು. ಉಳದದ್ದೆಲ್ಲ ಬರಿಯಾಕ.”

“ಅರ್ಥ?”

“ಕೃಪೆ. ಕೇಳಾಕ ನಿಂಗ ಹಕ್ಕಿಲ್ಲ, ಆದ್ರೂ ಕೊಡ್ತಾರಲ್ಲ, ಅದು. ಭಾಳ ಹಿಂದ ಈ ಹೆಸರಿನಾಕಿ ಒಬ್ಬಾಕಿ ಇದ್ದಳಂತ. ಮಕ್ಕಳಿದ್ದಿಲ್ಲ. ಗುಡಿಯಾಗ ನಿಂತು ಬೇಡಕೊಂಡ್ರ ತುಟಿ ಅಲ್ಲಾಡ್ತಿದ್ದವಂತ, ಧ್ವನಿ ಬರತಿದ್ದಿಲ್ಲಂತ. ಪೂಜಾರಿ ಇಕಿ ಕುಡದು ಬಂದಾಳ ಅಂತ ಬೈದನಂತ.” ಅವರು ನಕ್ಕರು. “ನಾನೂ ಒಂದು ರಾತ್ರಿ ಪಾಳಿ ಮುಗಿಸಿ ಬಸ್ ಸ್ಟಾಪಿನಾಗ ಹಂಗ ತುಟಿ ಅಲ್ಲಾಡಿಸ್ಕೋಂತ ನಿಂತಿದ್ದೆ. ಕುಡದಾಳ ಅಂತ ಒಬ್ಬಾಂವ ದೂರ ಸರದು ನಿಂತ.”

“ಏನು ಬೇಡ್ಕೊಂಡ್ರಿ?”

“ಚಳಿ. ಬಸ್ ಬರಲಿ ಅಂತ ಬೇಡ್ಕೊಂಡೆ,” ಅಂದು ಎದ್ದುಹೋಗಿ ಚಹಾ ಇಟ್ಟರು. ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಆದರೆ ಮೊದಲ ದಿನವೇ ಅಷ್ಟು ಕೆದಕುವುದು ಹೇಗೆ?

ಆಮೇಲೆ ನಾನು ಒಬ್ಬಳೇ ಮಗುವನ್ನು ಕರೆದುಕೊಂಡು ಹೋಗತೊಡಗಿದೆ. ಮಿಥುನ್ ಕಾರನ್ನು ಬಿಟ್ಟು ಗೆಳೆಯನ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಹನ್ನಾ ಆಂಟಿ ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವುದನ್ನು ಕಲಿಸಿದರು. ಲೆಸ್ಟರ್‌ನಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಾಕಿಕೊಟ್ಟು, “ಬಾಣಂತಿ ಇಷ್ಟ ಉಂಡ್ರ ಕೂಸಿಗೇನು ಗಾಳಿ ಕುಡಸ್ತೀ?” ಎಂದು ಬೈಯುತ್ತಿದ್ದರು. ಹಾಗೆ ರೊಟ್ಟಿಯ ನಡುವೆ, ನೀರಿನ ನಡುವೆ ಅವರ ಬದುಕು ನನಗೆ ತುಂಡು ತುಂಡಾಗಿ ಸಿಕ್ಕಿತು.

ಅವರ ಅಜ್ಜ ಚನ್ನಪ್ಪ ಬೆಟಗೇರಿಯ ನೇಕಾರ. ಮತ ಬದಲಾಯಿಸಿದ, ಹೆಸರು ಬದಲಾಯಿಸಲಿಲ್ಲ. ಮಿಶನ್ ಕಂಪೌಂಡಿನ ಗೋಡೆಯಾಚೆ ನೇಕಾರರ ಓಣಿ. ಈಚೆ ಮನೆಯ ಮಕ್ಕಳು ಆಚೆ ಮನೆಯ ತೊಟ್ಟಿಲ ಕಾರ್ಯಗಳಿಗೆ ಗುಗ್ಗರಿ ತಿನ್ನಲು ಓಡುತ್ತಿದ್ದವು. ಹನ್ನಾ ನರ್ಸ್ ತರಬೇತಿ ಮುಗಿಸಿ, ಅರವತ್ತಾರರಲ್ಲಿ, ಇಪ್ಪತ್ತಾರರ ಹರೆಯದಲ್ಲಿ ಇಲ್ಲಿಗೆ ಬಂದರು. ಇಲ್ಲಿ ಸೂಲಗಿತ್ತಿಯ ಓದು ಓದಿದರು. ವಾರ್ಡಿನಲ್ಲಿ ‘ಸಿಸ್ಟರ್ ಚನ್ನಪ್ಪ’ ಎನ್ನಲು ಬಾರದೆ ‘ಸಿಸ್ಟರ್ ಚಾನ್’ ಮಾಡಿದರು. ಎಷ್ಟೋ ಜನ ಹೊಸ ಗರ್ಭಿಣಿಯರು ಚೀನಾದವರು ಬರುತ್ತಾರೆಂದು ಕಾದು, ಇವರನ್ನು ಕಂಡು ಕಣ್ಣರಳಿಸುತ್ತಿದ್ದರಂತೆ.

“ಮದುವೆ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಇಬ್ಬರು ಕೇಳಿದ್ರು. ಒಬ್ಬಾಂವ ಕೇಳಿದಾಗ ರಾತ್ರಿ ಪಾಳಿ ಇತ್ತು, ಇನ್ನೊಬ್ಬಾಂವ ಕೇಳಿದಾಗ ಹಗಲು ಪಾಳಿ ಇತ್ತು.”

ಅವರು ಬಂದ ಕಾಲದಲ್ಲಿ ಇಲ್ಲಿ ‘ಹನ್ನಾ’ ಎಂಬುದು ಮುದುಕಿಯರ ಹೆಸರು. ತೊಂಬತ್ತರ ದಶಕ ಬಂದದ್ದೇ ಅದು ಮತ್ತೆ ಎಲ್ಲರಿಗೂ ಬೇಕಾಯಿತು. ಅವರೇ ಹಿಡಿದೆತ್ತಿದ ಕೂಸುಗಳಿಗೆ ಸಾಲುಸಾಲಾಗಿ ಅವರದೇ ಹೆಸರು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಯಾರೋ ತಾಯಿ ‘ಹನ್ನಾ, ಇಲ್ಲಿ ಬಾ’ ಎಂದು ಕೂಗುತ್ತಾಳೆ.

“ಪ್ರತಿ ಸರತಿ ತಿರುಗಿ ನೋಡ್ತೀನವ್ವಾ. ಗೊತ್ತಿರತದ, ನನ್ನಲ್ಲ ಅಂತ. ಕುತ್ತಿಗಿ ಕೇಳಂಗಿಲ್ಲ.”

ಹೆಸರಿನ ಅರ್ಥ ತಿಳಿದು ಅತ್ತೆಗೆ ಸಮಾಧಾನವಾಗಿತ್ತು. “ಕೃಪೆ ಅಂದ್ರ ಛಲೋನ ಅದ. ಇಡ್ರಿ. ಆದ್ರ ನಾಮಕರಣಕ್ಕ ಸೋದರತ್ತಿ ಬೇಕಲ್ಲ?” ಮಿಥುನ್‌ನ ತಂಗಿ ಮಾಳವಿಕಾ ಹುಬ್ಬಳ್ಳಿಯಲ್ಲಿ ತುಂಬು ಬಸುರಿ, ಬರುವಂತಿರಲಿಲ್ಲ. ಮೈಸೂರಿನವಳಾದ ನನಗೆ ಅತ್ತೆಯೇ ಫೋನಿನಲ್ಲಿ ವಿವರಿಸಿದರು. ಉತ್ತರ ಕರ್ನಾಟಕದ ಕಡೆ ತೊಟ್ಟಿಲಲ್ಲಿರುವ ಕೂಸಿನ ಬಲಗಿವಿಯ ಹತ್ತಿರ ಬಗ್ಗಿ ಸೋದರತ್ತೆ ‘ಕುರ್ರ್…’ ಎನ್ನಬೇಕು, ಆಮೇಲೆ ಹೆಸರು ಹೇಳಬೇಕು. ಅವಳು ಬಗ್ಗಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ.

“ಪಾಪ, ಯಾಕತ್ತೆ ಗುದ್ದೋದು?”

“ಯಾಕಂದ್ರ? ಗುದ್ದಬೇಕು, ಅಷ್ಟ. ಹಿಂಗ ಸಿಕ್ಕಾಗ ಗುದ್ದಲಿಲ್ಲಂದ್ರ ನಾದಿನಿ ಇನ್ಯಾವಾಗ ಸಿಗತಾಳ ನಿಂಗ?”

ನಾನೂ ಮಿಥುನ್‌ನೂ ಅವತ್ತೇ ನಿರ್ಧರಿಸಿದೆವು. ಮಗಳಿಗೆ ಹನ್ನಾ ಎಂದೇ ಹೆಸರು. ಕಿವಿಯಲ್ಲಿ ಹೇಳುವವರು ಹನ್ನಾ ಆಂಟಿಯೇ. ಇದಕ್ಕಿಂತ ಚೆಂದದ್ದು ಇನ್ನೇನು ಎಂದುಕೊಂಡು, ಅವರು ಎಷ್ಟು ಹಿಗ್ಗುತ್ತಾರೋ ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಕಾರು ಓಡಿಸಿದೆ.

ಅವರು ಹಿಗ್ಗಲಿಲ್ಲ. ತೊಡೆಯ ಮೇಲಿದ್ದ ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ಬ್ಯಾಡ. ಆ ಹೆಸರು ಇಡಬ್ಯಾಡ್ರಿ.”

“ಯಾಕೆ ಆಂಟಿ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

“ತಪ್ಪಲ್ಲವ್ವಾ. ಅದು ಗದಗಿನಾಗಿರೋ ಒಬ್ಬಾಕಿಗೆ ಸೇರಬೇಕಾದ್ದು. ದಾರಿಯಾಗ ನನ್ನ ಕಡೆ ಉಳದೈತಿ.”

ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ಅದರ ಮೂಲೆಯಲ್ಲಿ ಗದಗಿನ ಒಂದು ಫೋನ್ ನಂಬರು ಇದ್ದುದನ್ನು ನಾನು ನೋಡಿದ್ದೆ. ಬೇಳೆಕಾಳಿನ ಅಂಗಡಿಯದೇನೋ ಎಂದುಕೊಂಡಿದ್ದೆ. ಪ್ರತಿ ಜನವರಿಯಲ್ಲಿ ಹೊಸ ಕ್ಯಾಲೆಂಡರಿಗೆ ಅದನ್ನು ಬರೆದುಕೊಳ್ಳುತ್ತಾರೆ. ಯಾವತ್ತೂ ಆ ನಂಬರನ್ನು ಒತ್ತಿಲ್ಲ. ಅದು ಅವರ ತಮ್ಮ ದಾವೀದಪ್ಪನ ಮಗಳ ಮನೆಯದು.

ಚನ್ನಪ್ಪನ ಮನೆತನದಲ್ಲಿ ಒಂದು ಪದ್ಧತಿ ಇತ್ತಂತೆ. ಸೋದರತ್ತೆಯ ಹೆಸರು ಅಣ್ಣತಮ್ಮಂದಿರ ಮೊದಲ ಮಗಳಿಗೆ. ಹನ್ನಾ ಆಂಟಿಗೆ ಬಂದದ್ದೂ ಅವರ ಸೋದರತ್ತೆಯ ಹೆಸರೇ. ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ದೀಕ್ಷಾಸ್ನಾನ ಮಾಡಿಸುವ ಹಿಂದಿನ ದಿನ, ಮನೆಯಲ್ಲಿ ತೊಟ್ಟಿಲು ಕಟ್ಟಿ, ಓಣಿಯ ಹೆಂಗಸರನ್ನು ಕರೆದು, ‘ಕುರ್ರ್’ ಅಂದು ಹೆಸರನ್ನು ಅತ್ತೆಯೇ ದಾಟಿಸಬೇಕು. “ಪಾದ್ರಿಯವರಿಗೆ ಗೊತ್ತಿತ್ತು. ಅವತ್ತೊಂದಿನ ಅವರು ನಮ್ಮ ಓಣಿ ಕಡೆ ಬರತಿದ್ದಿಲ್ಲ, ಅಷ್ಟ.”

ದಾವೀದಪ್ಪನಿಗೆ ಮಗಳು ಹುಟ್ಟಿದ್ದು ಅರವತ್ತೊಂಬತ್ತರಲ್ಲಿ. ಹನ್ನಾ ಅವರದು ಇಲ್ಲಿ ಸೂಲಗಿತ್ತಿಯ ಓದು ಅರ್ಧವಾಗಿತ್ತು. ಬಿಟ್ಟು ಹೋದರೆ ಜಾಗ ಇನ್ನೊಬ್ಬರ ಪಾಲು. ಕ್ರಿಸ್ಮಸ್ಸಿಗೆ ಬರುತ್ತೇನೆ, ಕಾಯಿರಿ ಎಂದು ಬರೆದರು. ಮನೆಯವರು ಕಾದರು. ಕೂಸು ಹೆಸರಿಲ್ಲದೆ ‘ಕೂಸವ್ವ’ ಎನ್ನಿಸಿಕೊಂಡು ಬೋರಲು ಬಿದ್ದಿತು, ಕೂತಿತು. ಕ್ರಿಸ್ಮಸ್ಸಿಗೂ ಹೋಗಲಾಗಲಿಲ್ಲ. ಈಸ್ಟರ್ ಹೊತ್ತಿಗೆ ದಾವೀದಪ್ಪ ಕಾಯುವುದನ್ನು ಬಿಟ್ಟ. ತೊಟ್ಟಿಲು ಕಟ್ಟಲಿಲ್ಲ, ಹೆಂಗಸರನ್ನು ಕರೆಯಲಿಲ್ಲ. ಮಗಳನ್ನು ತಾನೇ ಎತ್ತಿಕೊಂಡು ಗುಡಿಗೆ ಹೋಗಿ ಕೃಪಾ ಎಂದು ಹೆಸರಿಟ್ಟು ಬಂದ.

“ಕೃಪಾ,” ಎಂದೆ ನಾನು. “ಅಂದ್ರೆ… ಅದೇ ಅಲ್ವಾ ಆಂಟಿ?”

“ಅದ. ಅರ್ಥ ಕೊಟ್ಟ, ಹೆಸರು ಕೊಡಲಿಲ್ಲ.” ಅವರು ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಲೇ ಇದ್ದರು. “ಸಿಟ್ಟಿಗೆ ಕೊಟ್ಟನೋ, ಜೀವ ತಡೀದ ಕೊಟ್ಟನೋ. ಅವಾ ಇದ್ದಾಗ ಎರಡು ಸರತಿ ಊರಿಗೆ ಹೋದೆ. ಉಂಡ, ಮಾತಾಡಿದ. ಇದನ್ನ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಹುಡುಗಿ ಆಗ ಹಾಸ್ಟೆಲಿನಾಗಿದ್ದಳು, ಸಿಗಲಿಲ್ಲ. ನಾಕು ವರ್ಷದ ಹಿಂದ ಫೋನ್ ಬಂತು. ಅಕಿನ ಮಾಡಿದ್ದಳು. ‘ಆಂಟಿ, ಅಪ್ಪ ಹೋದ್ರು’ ಅಂದ್ಳು. ಆಂಟಿ ಅಂದ್ಳು ನೋಡು. ಅತ್ತಿ ಅನಲಿಲ್ಲ. ಅನ್ನಾಕ ಅಕಿಗೆ ಯಾಕ ತಿಳಿಬೇಕು? ನಾ ಅಕಿ ಕಿವಿಯಾಗ ಏನೂ ಹೇಳೇ ಇಲ್ಲಲ್ಲ.”

ಮಗು ಕೊಸರಾಡಿತು. ಭುಜದ ಮೇಲೆ ಹಾಕಿಕೊಂಡು ತಟ್ಟಿದೆ. ಬಸ್ ಸ್ಟಾಪಿನಲ್ಲಿ ಅವರ ತುಟಿ ಅಲ್ಲಾಡಿದ್ದು ಏತಕ್ಕೆಂದು ಈಗ ಗೊತ್ತಾಯಿತು.

“ನೀವೇ ಒಂದು ಸಲ ಫೋನ್ ಮಾಡಬಹುದಲ್ವಾ?”

“ಮಾಡಿ ಏನಂತ ಹೇಳಲಿ? ಮದುವಿಯಾಗಿ ಮಕ್ಕಳ ತಾಯಿ ಆದಾಕಿಗೆ, ‘ತಗೋ, ನಿನ್ನ ತೊಟ್ಟಲದ ಹೆಸರು’ ಅನ್ನಲೇನು? ಹುಚ್ಚಿ ಅಂದಾಳು.”

ಉಳಿದದ್ದು ಒಂದೇ ಮಾತು. ಅದನ್ನಾದರೂ ಕೇಳಿಯೇ ಹೋಗಬೇಕೆಂದು ಕೇಳಿದೆ. “ಆ ಹೆಸರು ಬೇಡ. ನಮ್ಮ ಮಗಳಿಗೆ ಬೇರೆ ಹೆಸರು ಹುಡುಕ್ತೀವಿ. ಕುರ್ರ್ ಅನ್ನೋಕಾದ್ರೂ ನೀವು ಬರ್ತೀರಾ?”

“ಸಣ್ಣಾಕಿದ್ದಾಗ ಎಷ್ಟು ಮಂದಿ ಬೆನ್ನಿಗೆ ಗುದ್ದೀನಿ ಗೊತ್ತೇನು? ಎತ್ತರ ಸಾಲದ ಸ್ಟೂಲ್ ಹತ್ತಿ ಗುದ್ದತಿದ್ದೆ. ನನಗೂ ಒಮ್ಮೆ ಹಂಗ ಗುದ್ದಿಸ್ಕೋಬೇಕು ಅಂತ ಭಾಳ ಇತ್ತು. ಇಲ್ಲಿ ಮಂದಿ ಭಾಳ ಒಳ್ಳೇವರು. ಮೆಲ್ಲಕ ತಟ್ಟತಾರ. ಗುದ್ದಂಗಿಲ್ಲ.” ಆಮೇಲೆ ಏನೋ ನೆನಪಾದಂತೆ, “ನಾ ಕ್ರಿಸ್ತಾನದಾಕಿ. ನಿಮ್ಮ ಅತ್ತೀನ್ನ ಕೇಳು ಮೊದಲ,” ಅಂದರು.

ಅವತ್ತೇ ಹುಬ್ಬಳ್ಳಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದೆ. “ಗದಗಿನಾಕಿ ಅಂದಿ?”

“ಹೌದತ್ತೆ. ಬೆಟಗೇರಿ.”

“ಹಂಗಾರ ನಮ್ಮಾಕಿನ. ಬೆನ್ನು ಗಟ್ಟಿ ಅದನೋ ಇಲ್ಲೋ, ಅಷ್ಟ ಕೇಳು.”

ಮಗಳಿಗೆ ಹರಿಣಿ ಎಂಬ ಹೆಸರು ಗೊತ್ತುಮಾಡಿದೆವು. ನಾಮಕರಣ ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ, ನಮ್ಮ ಮನೆಯ ಹಜಾರದಲ್ಲಿ. ತೊಟ್ಟಿಲಿರಲಿಲ್ಲ. ಇಲ್ಲಿ ಎಳೆಗೂಸುಗಳನ್ನು ಮಲಗಿಸುವ ಹೆಣೆದ ಬುಟ್ಟಿಯನ್ನೇ ಅದರ ಸ್ಟ್ಯಾಂಡಿನ ಮೇಲಿಟ್ಟು, ಮಲ್ಲಿಗೆ ಸಿಗದೆ ಡ್ಯಾಫಡಿಲ್ ಕಟ್ಟಿದೆವು. ಇದಕ್ಕೆ ಮೋಸೆಸ್ ಬುಟ್ಟಿ ಅನ್ನುತ್ತಾರೆ ಎಂದೆ.

“ನೋಡು ಮತ್ತ,” ಅಂದರು ಹನ್ನಾ ಆಂಟಿ, “ನಿಮ್ಮ ತೊಟ್ಟಲದ ಹೆಸರೂ ನಮ್ಮ ಬೈಬಲ್ಲಿನ ಕಡೇದ.”

ಅವರು ಇಳಕಲ್ ಸೀರೆ ಉಟ್ಟು ಬಂದಿದ್ದರು. ಮಡಿಕೆಯ ಗೆರೆಗಳು ಇಸ್ತ್ರಿಗೂ ಹೋಗದಷ್ಟು ಗಟ್ಟಿಯಾಗಿ ಕೂತಿದ್ದವು. ಕಡಲೆಯ ಗುಗ್ಗರಿಯನ್ನು ಅವರೇ ಮಾಡಿ ತಂದಿದ್ದರು. ವಾಸಂತಿಯೂ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಏಳೆಂಟು ಕನ್ನಡದ ಹೆಂಗಸರೂ ಸೇರಿದ್ದರು. ಬೆಂಗಳೂರು, ಮಂಗಳೂರು, ಮೈಸೂರು. ‘ಕುರ್ರ್’ ಅನ್ನುವುದನ್ನು ಕಂಡವರು ಒಬ್ಬರೂ ಇಲ್ಲ. ಮಿಥುನ್ ವಿಡಿಯೊ ಹಿಡಿದು ಮೂಲೆಯಲ್ಲಿ ನಿಂತ. ಕೂಸನ್ನು ಬುಟ್ಟಿಯ ಕೆಳಗಿಂದ ಮೇಲಿಂದ ಕೈಯಿಂದ ಕೈಗೆ ದಾಟಿಸಿ, ಒಳಗೆ ಮಲಗಿಸಿದೆವು. ಹನ್ನಾ ಆಂಟಿ ಸೆರಗು ಸಿಕ್ಕಿಸಿಕೊಂಡು, ಸೊಂಟ ಹಿಡಿದು, ಮಗುವಿನ ಬಲಗಿವಿಗೆ ಬಗ್ಗಿದರು.

“ಕುರ್ರ್…”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರು, ಬೆಳ್ಳಗಿನ ತಲೆ, ಹೊಡೆಯುವುದು ಹೇಗೆ? ವಾಸಂತಿ ಸ್ಟೆತಾಸ್ಕೋಪ್ ಇಡುವಂತೆ ಬೆನ್ನಿಗೆ ಎರಡು ಬೆರಳು ತಾಗಿಸಿದಳು. ಒಬ್ಬಾಕೆ ಧೂಳು ಕೊಡವಿದಂತೆ ತಟ್ಟಿದಳು.

ಹನ್ನಾ ಆಂಟಿ ಬಗ್ಗಿದಲ್ಲಿಂದಲೇ ಕೂಗಿದರು. “ಏನ್ರೇ, ನೊಣಾ ಹೊಡೀಲಿಕ್ಕೆ ಬಂದೀರೇನು? ಮುಷ್ಟಿ ಕಟ್ರಿ! ಇಂಗ್ಲೆಂಡಿನ ಅನ್ನ ಉಂಡು ಕೈಯಾಗ ಕಸುವು ಹೋತೇನು?”

ನಾನೇ ಮೊದಲು ಗುದ್ದಿದೆ. ಆಮೇಲೆ ಎಲ್ಲರೂ ಬಿದ್ದರು. ದಬದಬ ಸದ್ದು, ಬಳೆಗಳ ಸದ್ದು, ನಗು. ಆ ಗದ್ದಲದ ಕೆಳಗೆ ಅವರು “ಹರಿಣೀ… ಹರಿಣವ್ವಾ…” ಎಂದು ಮಗುವಿನ ಕಿವಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು. ನೆಟ್ಟಗಾದಾಗ ಅವರ ಮುಖ ಕೆಂಪಾಗಿತ್ತು. ಕೂದಲ ಗಂಟು ಬಿಚ್ಚಿತ್ತು. ನಗುತ್ತಿದ್ದರು, ಅಳುತ್ತಿದ್ದರು, ಯಾವುದು ಎಂದು ಹೇಳಲಾಗುತ್ತಿರಲಿಲ್ಲ.

ಊಟವಾಗಿ ಎಲ್ಲರೂ ಹೊರಟ ಮೇಲೆ ಅವರು ಸೋಫಾದ ತುದಿಯಲ್ಲಿ ಕೂತಿದ್ದರು. ನಾನು ತಟ್ಟೆಗಳನ್ನು ಒಳಗಿಡುತ್ತಿದ್ದೆ.

“ಸಂಯುಕ್ತಾ,” ಅಂದರು. “ಊರಿಗೆ ಫೋನ್ ಹಚ್ಚೋ ಆ ಕಾರ್ಡ್ ಐತೇನು ನಿನ್ನ ಕಡೆ?”

ಮಿಥುನ್ ಕಾರ್ಡಿನ ಬೂದು ಪಟ್ಟಿ ಕೆರೆದು ನಂಬರುಗಳನ್ನು ಒತ್ತಿದ. ಗದಗಿನ ನಂಬರನ್ನು ಅವರು ನೋಡದೆ ಹೇಳಿದರು. ಅಲ್ಲಿ ಆಗ ಸಂಜೆ. ಫೋನ್ ರಿಂಗಾಗುವುದು ನಮಗೂ ಕೇಳಿಸುತ್ತಿತ್ತು. ಒಬ್ಬ ಹೆಂಗಸು ಎತ್ತಿದಳು.

“ಹಲೋ, ಯಾರು?”

ಹನ್ನಾ ಆಂಟಿಯ ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

“ಹಲೋ? ಯಾರದು?”

“ಕೃಪಾ… ಫೋನ್ ಯಾವ ಕಿವಿಗೆ ಹಿಡದೀ?”

ಆ ಕಡೆ ಗೊಂದಲ. “ಆಂಟಿ? ಇಂಗ್ಲೆಂಡ್ ಆಂಟಿ ಏನ್ರಿ? ಯಾಕ್ರಿ, ಕೇಳವಲ್ದೇನು? ಎಡಗಿವಿಗೆ ಹಿಡದೀನ್ರಿ.”

“ಬಲಗಿವಿಗೆ ಹಿಡಿ.”

ಏನೋ ಸರಿದ ಸದ್ದು. “ಹಿಡದೆ. ಹೇಳ್ರಿ.”

ಹನ್ನಾ ಆಂಟಿ ಫೋನಿನ ಮೇಲೆ ಬಗ್ಗಿದರು, ಬುಟ್ಟಿಯ ಮೇಲೆ ಬಗ್ಗಿದ ಹಾಗೆಯೇ. “ಕುರ್ರ್…” ಅಂದರು. ಉಸಿರು ಎಳೆದುಕೊಂಡು ಇನ್ನೊಮ್ಮೆ, ಮೆಲ್ಲಗೆ, “ಕುರ್ರ್… ಹನ್ನವ್ವಾ.”

ಲೈನು ಕಡಿದುಹೋಯಿತೋ ಎಂದು ಮಿಥುನ್ ಕಾರ್ಡ್ ನೋಡಿದ. ಹಿಂದೆ ಎಲ್ಲೋ ಮಕ್ಕಳು ಆಡುವುದು, ಸ್ಕೂಟರೊಂದು ಹೋದದ್ದು ಕೇಳಿಸಿತು, ಲೈನು ಇತ್ತು.

“ಭಾಳ ತಡಾ ಮಾಡಿದ್ರಿ ಅತ್ತಿ,” ಅಂದಳು ಕೃಪಾ.

“ಹೂನವ್ವಾ,” ಅಂದರು ಹನ್ನಾ ಆಂಟಿ. “ತಡಾ ಆತು.”

“ಅಪ್ಪ ಹೇಳತಿದ್ದ. ನಿಂಗೊಂದು ಹೆಸರು ಬರೋದೈತಿ, ದೂರದಿಂದ ಬರಬೇಕು ಅಂತ.” ಅಂದಳು ಅವಳು. “ಬೆನ್ನಿಗೆ ಗುದ್ದಾಕ ನಾ ಅಲ್ಲಿಲ್ಲಲ್ಲ ಈಗ. ಯಾರದಾರ ನಿಮ್ಮ ಕಡೆ?”

ಅವರು ಕಣ್ಣೆತ್ತಿ ನನ್ನನ್ನು ನೋಡಿದರು. ಫೋನನ್ನು ಕಿವಿಯಿಂದ ತೆಗೆದು ತಮ್ಮ ಭುಜದ ಹಿಂದಕ್ಕೆ ಹಿಡಿದರು. ನಾನು ಕೈ ಒರೆಸಿಕೊಂಡು, ಮುಷ್ಟಿ ಕಟ್ಟಿ, ಇಳಕಲ್ ಸೀರೆಯ ಆ ಅಗಲ ಬೆನ್ನಿಗೆ ಗುದ್ದಿದೆ. ಇನ್ನೊಂದು. ಬುಟ್ಟಿಯಲ್ಲಿ ಹರಿಣಿ ಎದ್ದು ಅಳತೊಡಗಿದಳು. ನಾನು ನಿಲ್ಲಿಸಲಿಲ್ಲ.

ಹನ್ನಾ ಆಂಟಿ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು.

“ಕೇಳಿಸ್ತೇನು?”

“ಕೇಳಿಸ್ತ್ರಿ ಅತ್ತಿ,” ಅಂದಳು ಅವಳು, “ಆದ್ರ ಭಾಳ ಮೆತ್ತಗ ಹೊಡ್ಯಾಕತ್ತಾರ. ನೀವು ಊರಿಗೆ ಬರ್ರಿ.”